ಟೀಚರಮ್ಮನಿಗೆ ಪಾಠ ಹೇಳಿದ ಹತ್ತು ವಾರ

ಮೂರು ವರ್ಷದ ಹಿಂದೆ, ಫೆಬ್ರವರಿಯ ಒಂದು ಸೋಮವಾರ, ಚಿಕ್ಕನಾಯಕನಹಳ್ಳಿಯ ಸಭಾಂಗಣವೊಂದರಲ್ಲಿ ಇಪ್ಪತ್ತಾರು ಮಂದಿ ಅಂಗನವಾಡಿ ಕಾರ್ಯಕರ್ತೆಯರ ಮುಂದೆ ನಿಂತು ನಾನು ಮಾಡಿದ ಮೊದಲ ಕೆಲಸವೆಂದರೆ ಅವರಿಗೆ ಪರೀಕ್ಷೆ ಕೊಟ್ಟದ್ದು. ಮಕ್ಕಳ ಹಾಜರಿ, ತೂಕ, ಎತ್ತರ ಎಲ್ಲವನ್ನೂ ದಪ್ಪ ರಿಜಿಸ್ಟರಿನ ಬದಲು ಇನ್ನು ಮುಂದೆ ಮೊಬೈಲಿನಲ್ಲಿ ದಾಖಲಿಸಬೇಕಿತ್ತು. ಅದನ್ನು ಕಲಿಸಲು ಹತ್ತು ವಾರದ ತರಬೇತಿ ಏರ್ಪಾಡಾಗಿತ್ತು. ಕಲಿಸಬೇಕಾದವಳು ನಾನು. ಓದಿದ್ದು ಮನಃಶಾಸ್ತ್ರ. ವಯಸ್ಕರಿಗೆ ಕಲಿಸುವುದು ನನ್ನ ಕಸುಬು.

ಯಾರಿಗೆ ಎಷ್ಟು ಬರುತ್ತದೆಂದು ತಿಳಿದರೆ ಪಾಠ ಶುರುಮಾಡುವುದು ಸುಲಭ ಎಂದು ನನ್ನ ಲೆಕ್ಕ. ಒಂದು ಮಗುವಿನ ಹೆಸರು, ಹುಟ್ಟಿದ ದಿನ, ತೂಕ, ಎತ್ತರ ಕೊಟ್ಟು ಅರ್ಧ ಗಂಟೆಯಲ್ಲಿ ಮೊಬೈಲಿಗೆ ತುಂಬಿಸಿ ಎಂದೆ. ಆಮೇಲೆ ಎಲ್ಲರ ಹೆಸರನ್ನೂ ಬೋರ್ಡಿನ ಮೇಲೆ ಬರೆದು ಪಕ್ಕದಲ್ಲಿ ಅಂಕ ಹಾಕಿದೆ. ಎಲ್ಲಕ್ಕಿಂತ ಮೇಲೆ ಕಂದಿಕೆರೆ ಕಡೆಯಿಂದ ಬಂದಿದ್ದ, ಆಗಷ್ಟೇ ಕೆಲಸಕ್ಕೆ ಸೇರಿದ ಹುಡುಗಿ. ಎಲ್ಲಕ್ಕಿಂತ ಕೆಳಗೆ, ಸೊನ್ನೆಯ ಪಕ್ಕದಲ್ಲಿ, ಅಲ್ಲಿದ್ದವರಲ್ಲೇ ಹಿರಿಯರಾದ ಒಬ್ಬರು. ಇಪ್ಪತ್ತೊಂಬತ್ತು ವರ್ಷದ ಸೇವೆ. ತಲೆ ಪೂರ್ತಿ ನರೆತಿತ್ತು, ನೇಯ್ಗೆ ಸೀರೆ ಉಟ್ಟು ಮೊದಲ ಸಾಲಿನಲ್ಲಿ ಕೂತಿದ್ದರು. ಬೋರ್ಡನ್ನು ಒಮ್ಮೆ ನೋಡಿ ಸೆರಗು ಸರಿಮಾಡಿಕೊಂಡರು.

ಮಧ್ಯಾಹ್ನ ಊಟವಾದ ಮೇಲೆ ಮೂರು ಕುರ್ಚಿ ಖಾಲಿ. ಮೇಲ್ವಿಚಾರಕಿ ನನ್ನನ್ನು ಬಾಗಿಲ ಹತ್ತಿರ ಕರೆದರು. ಮೂವತ್ತೆರಡು ಮೂವತ್ತಮೂರು ವಯಸ್ಸಿನ, ಮಾತು ಕಡಿಮೆಯ ಹೆಂಗಸು.

"ಮೇಡಂ, ಆ ಬೋರ್ಡ್ ಒರೆಸಿಬಿಡಿ," ಎಂದರು. "ಕೊನೇ ಹೆಸರಿದೆಯಲ್ಲ, ಅವರ ಮಡಿಲಲ್ಲಿ ಕೂತು ನಾನು ಅಕ್ಷರ ಕಲಿತೋಳು. ಊರಲ್ಲಿ ಅರ್ಧ ಜನಕ್ಕೆ ಅವರೇ ಟೀಚರಮ್ಮ."

ಬೋರ್ಡು ಒರೆಸಿದೆ. ಆದರೆ ಅಷ್ಟು ಹೊತ್ತಿಗೆ ಇಪ್ಪತ್ತಾರು ಜನರೂ ಅದನ್ನು ಓದಿಯಾಗಿತ್ತು.

ಸಂಜೆ ತಿಪಟೂರಿಗೆ ಹೋಗುವ ಬಸ್ಸಿನಲ್ಲಿ ಕೂತು ನನ್ನನ್ನೇ ಬೈದುಕೊಂಡೆ. ನಾನು ಓದಿದ್ದರಲ್ಲೇ ಇತ್ತು ಅದು. ದೊಡ್ಡವರು ಕಲಿಯುವಾಗ ಅಡ್ಡ ಬರುವುದು ಬುದ್ಧಿ ಅಲ್ಲ, ಮಾನ. ಮಗು ತಪ್ಪಿದರೆ ನಗುತ್ತಾರೆ, ಮಗುವೂ ನಗುತ್ತದೆ. ಐವತ್ತು ದಾಟಿದ ಹೆಂಗಸು ತನ್ನ ಮಗಳ ವಯಸ್ಸಿನವರ ಎದುರು ತಪ್ಪಿದರೆ ಅವಳ ಮನಸ್ಸು ಬಾಗಿಲು ಹಾಕಿಕೊಳ್ಳುತ್ತದೆ. ಆಮೇಲೆ ಎಷ್ಟು ಹೇಳಿದರೂ ಒಳಗೆ ಇಳಿಯುವುದಿಲ್ಲ. ಇದನ್ನು ನಾನು ಬೇರೆ ತರಬೇತುದಾರರಿಗೆ ಪಾಠ ಮಾಡಿದವಳು.

ಮಾರನೇ ದಿನ ಮೊಬೈಲನ್ನು ಯಾರೂ ಮುಟ್ಟಬೇಡಿ ಎಂದೆ. ಆ ಕಡೆಯ ಮನೆಗಳಲ್ಲಿ ತೆಂಗಿನಕಾಯಿ ಒಣಗಲು ಹಾಕಿಡುವ ಕೊಬ್ಬರಿ ಅಟ್ಟದ ವಿಷಯ ಕೇಳಿದೆ. ಅಟ್ಟದ ಮೇಲಿನ ಕಾಯಿ ಒಣಗಿ ಉಂಡೆ ಕೊಬ್ಬರಿ ಆಗಿದೆ ಅಂತ ಹೇಗೆ ಗೊತ್ತಾಗುತ್ತೆ? ಎಲ್ಲರೂ ಒಟ್ಟಿಗೇ ಮಾತಾಡತೊಡಗಿದರು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು, ನೀರು ಇದ್ದರೆ ಒಂದು ಸದ್ದು, ಕೊಬ್ಬರಿ ಚಿಪ್ಪಿನಿಂದ ಬಿಟ್ಟಿದ್ದರೆ ಗಟ್ಟಿ ಸದ್ದು, ಕೆಟ್ಟಿದ್ದರೆ ಸದ್ದೇ ಬೇರೆ. ಯಾರು ಹೇಳಿಕೊಟ್ಟರು, ಎಷ್ಟು ದಿನಕ್ಕೆ ಬಂತು, ಎಷ್ಟು ಕಾಯಿ ತಪ್ಪಾಗಿ ಒಡೆದಿರಿ ಎಂದು ಕೇಳಿದೆ. ನಗು ಶುರುವಾಯಿತು. ಒಬ್ಬರು ತಮ್ಮ ಅತ್ತೆ ಬೈದದ್ದನ್ನು ಅತ್ತೆಯ ದನಿಯಲ್ಲೇ ಹೇಳಿ ತೋರಿಸಿದರು. ಅದೂ ಕಲಿಕೆಯೇ, ಅಂಕ ಕೊಡುವವರು ಯಾರೂ ಇರಲಿಲ್ಲ ಅಷ್ಟೇ, ಇದನ್ನೂ ಹಾಗೇ ಕಲಿಯೋಣ ಎಂದೆ.

ಪಾಠದ ಕ್ರಮವನ್ನು ಪೂರ್ತಿ ಬದಲಿಸಿದೆ. ಅವರ ಹಳೇ ರಿಜಿಸ್ಟರನ್ನೇ ಸೇತುವೆ ಮಾಡಿಕೊಂಡೆ. ರಿಜಿಸ್ಟರಿನ ಮೊದಲ ಕಾಲಂ ಹೆಸರು, ಮೊಬೈಲಿನಲ್ಲೂ ಮೊದಲು ಹೆಸರು. ಹೊಸದೇನನ್ನೂ ಗೊತ್ತಿರುವುದಕ್ಕೆ ಗಂಟು ಹಾಕದೆ ಕೊಡಬಾರದು ಎಂಬುದು ನಿಯಮ. ಒಂದು ಸಲಕ್ಕೆ ಎರಡೇ ಹೆಜ್ಜೆ, ಏಕೆಂದರೆ ಹೊಸ ವಿಷಯವನ್ನು ಮನಸ್ಸು ಒಮ್ಮೆಗೆ ಹಿಡಿಯುವುದು ಬೊಗಸೆಯಷ್ಟೇ. ಕಲಿತದ್ದನ್ನು ಮಾರನೇ ದಿನ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಒಮ್ಮೆ ಮತ್ತೆ ಮಾಡಿಸುತ್ತಿದ್ದೆ. ಜೋಡಿಯನ್ನು ಅವರೇ ಆರಿಸಿಕೊಳ್ಳಲು ಬಿಟ್ಟೆ. ಕಲಿತವರು ಪಕ್ಕದವರಿಗೆ ಹೇಳಿಕೊಡಬೇಕಿತ್ತು. ಗೋಡೆಯ ಮೇಲೆ ಒಂದು ದೊಡ್ಡ ಹಾಳೆ ಅಂಟಿಸಿ ದಪ್ಪ ಅಕ್ಷರದಲ್ಲಿ ಬರೆದೆ: ಕಲಿಯಲಾಗದವರು ಯಾರೂ ಇಲ್ಲ. ಅಡ್ಡ ಬರುವುದು ಭಯ ಒಂದೇ.

ಅದು ಫಲ ಕೊಟ್ಟಿತು. ಮೂರನೇ ವಾರದ ಕೊನೆಗೆ, ಮೊಬೈಲ್ ಸುಟ್ಟುಹೋಗುತ್ತದೇನೋ ಎಂದು ಒಂದೇ ಬೆರಳಿನಲ್ಲಿ ಮುಟ್ಟುತ್ತಿದ್ದ ಶೆಟ್ಟಿಕೆರೆಯ ಕಾರ್ಯಕರ್ತೆ ತನ್ನ ಮೊಮ್ಮಗಳ ಹೆಸರು ಟೈಪ್ ಮಾಡಿ ಎಲ್ಲರಿಗೂ ತೋರಿಸಿದರು. ಖಾಲಿಯಾಗಿದ್ದ ಕುರ್ಚಿಗಳು ತುಂಬಿದವು. ನಾಲ್ಕನೇ ವಾರಕ್ಕೆ ಇಪ್ಪತ್ತೈದು ಮಂದಿ, ನಿಧಾನವಾಗಿಯೋ ಬೇಗವೋ, ಒಂದು ಮಗುವಿನ ದಾಖಲೆಯನ್ನು ಮೊದಲಿನಿಂದ ಕೊನೆಯವರೆಗೆ ಮಾಡಬಲ್ಲವರಾಗಿದ್ದರು.

ಉಳಿದವರು ಟೀಚರಮ್ಮ ಒಬ್ಬರೇ.

ಅವರಷ್ಟು ಶ್ರದ್ಧೆಯ ಕಲಿಕಾರ್ಥಿಯನ್ನು ನಾನು ಕಂಡಿಲ್ಲ. ಎಲ್ಲರಿಗಿಂತ ಮೊದಲು ಬರುತ್ತಿದ್ದರು. ನಾನು ಹೇಳಿದ ಪ್ರತಿ ಹೆಜ್ಜೆಯನ್ನೂ ನೋಟ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಅಚ್ಚಿನಂಥ ಅಕ್ಷರ. ಆದರೆ ಮೊಬೈಲ್ ಕೈಗೆ ಬಂದರೆ ಎರಡನೇ ಹೆಜ್ಜೆಯಲ್ಲಿ ನಿಂತುಬಿಡುತ್ತಿದ್ದರು. ನನ್ನ ಮನಸ್ಸಿಗೆ ತೋಚಿದ್ದು ಒಂದೇ. ಮೊದಲ ದಿನ ಬೋರ್ಡಿನ ಮೇಲೆ ಹಾಕಿದ ಆ ಸೊನ್ನೆ. ಗಾಯ ಮಾಡಿದವಳು ನಾನು, ಅದನ್ನು ವಾಸಿಮಾಡಬೇಕಾದವಳೂ ನಾನೇ. ಅವರ ಊರಿಗೇ ಹೋಗಿ, ಬೇರೆ ಯಾರೂ ಇಲ್ಲದಾಗ ಹೇಳಿಕೊಡುತ್ತೇನೆಂದು ಮೇಲ್ವಿಚಾರಕಿಗೆ ಹೇಳಿದೆ. ಬುಧವಾರ, ಶನಿವಾರ ಮಧ್ಯಾಹ್ನ, ಮಕ್ಕಳು ಮನೆಗೆ ಹೋದ ಮೇಲೆ.

ಶೆಟ್ಟಿಕೆರೆ ಬಸ್ಸು ಇಳಿದು ಸ್ವಲ್ಪ ನಡೆದರೆ ಅವರ ಊರು. ತೆಂಗಿನ ತೋಟದ ಅಂಚಿಗೆ ಅಂಗನವಾಡಿಯ ಒಂದೇ ಕೋಣೆ. ಗೋಡೆ ತುಂಬ ಅವರೇ ಬರೆದ ಹಣ್ಣು, ಪ್ರಾಣಿ. ಮೂಲೆಯಲ್ಲಿ ಕೂಸುಗಳನ್ನು ಜೋಳಿಗೆಯಲ್ಲಿ ಕೂರಿಸಿ ತೂಗುವ ತಕ್ಕಡಿ. ಅಡುಗೆ ಮಾಡಿ ಮಕ್ಕಳನ್ನು ನೋಡಿಕೊಳ್ಳುವ ಸಹಾಯಕಿ ಒಬ್ಬಳಿದ್ದಳು, ನಲವತ್ತರ ಆಸುಪಾಸು, ಏಳನೇ ತರಗತಿ ಓದಿದವಳು. ನಾನು ಟೀಚರಮ್ಮನಿಗೆ ಏನು ಕೇಳಿದರೂ ಅರ್ಧ ಉತ್ತರ ಇವಳಿಂದ ಬರುತ್ತಿತ್ತು. ಅದನ್ನು ನಾನು ಅಕ್ಕರೆ ಎಂದುಕೊಂಡೆ.

ಪ್ರತಿ ಪಾಠದ ವಿವರವನ್ನೂ ಡೈರಿಯಲ್ಲಿ ಬರೆದಿಡುವುದು ನನ್ನ ಅಭ್ಯಾಸ. ಆ ಡೈರಿ ಈಗಲೂ ನನ್ನ ಹತ್ತಿರ ಇದೆ. ಬುಧವಾರ: ನಾಲ್ಕು ಹೆಜ್ಜೆ ಸರಿಯಾಗಿ ಮಾಡಿದರು, ನಲವತ್ತು ನಿಮಿಷ ಹಿಡಿಯಿತು. ಶನಿವಾರ: ಮೊದಲಿನಿಂದ ಶುರು, ನಲವತ್ತೈದು ನಿಮಿಷ. ಮುಂದಿನ ಬುಧವಾರ: ಮತ್ತೆ ಮೊದಲಿನಿಂದ, ಐವತ್ತು ನಿಮಿಷ, ಮೂರು ಹೆಜ್ಜೆ.

ಇಲ್ಲಿ ಒಂದು ವಿಷಯ ಹೇಳಬೇಕು. ಕಲಿತದ್ದು ಮರೆತುಹೋಗುವುದು ದೊಡ್ಡದಲ್ಲ, ಎಲ್ಲರಿಗೂ ಮರೆಯುತ್ತದೆ. ಆದರೆ ಮರೆತದ್ದನ್ನು ಎರಡನೇ ಸಲ ಕಲಿಯುವಾಗ ಮೊದಲಿಗಿಂತ ಕಡಿಮೆ ಹೊತ್ತು ಸಾಕಾಗುತ್ತದೆ. ಮೂರನೇ ಸಲಕ್ಕೆ ಇನ್ನೂ ಕಡಿಮೆ. ಮರೆತಂತೆ ಕಂಡರೂ ಒಳಗೆಲ್ಲೋ ಒಂದು ಗೆರೆ ಉಳಿದಿರುತ್ತದೆ, ನೀರು ಹರಿದ ಕಾಲುವೆಯ ಹಾಗೆ. ಹೆದರಿದವರಲ್ಲೂ, ವಯಸ್ಸಾದವರಲ್ಲೂ ಇದು ಹೀಗೇ. ಟೀಚರಮ್ಮನ ವಿಷಯದಲ್ಲಿ ಹೊತ್ತು ಕಡಿಮೆಯಾಗುತ್ತಿರಲಿಲ್ಲ, ಹೆಚ್ಚುತ್ತಿತ್ತು. ಅದನ್ನು ನಾನೇ, ನನ್ನ ಕೈಯಿಂದಲೇ, ಒಂದರ ಕೆಳಗೊಂದು ಬರೆದಿದ್ದೆ. ಬರೆದದ್ದನ್ನು ಓದಲಿಲ್ಲ.

ಬದಲಿಗೆ ಅವರ ಭಯ ಬಿಡಿಸಲು ಹೊರಟೆ. ಒತ್ತಬೇಕಾದ ಜಾಗಗಳಿಗೆ ಬಣ್ಣದ ಚುಕ್ಕಿ ಅಂಟಿಸಿದೆ. ಒಂದು ಹೆಜ್ಜೆ ಸರಿಹೋದರೂ ಹೊಗಳಿದೆ. ನಿಮಗೆ ಬರುತ್ತೆ ಟೀಚರಮ್ಮ, ಖಂಡಿತ ಬರುತ್ತೆ, ಹೆದರಿಕೆ ಒಂದು ಬಿಟ್ಟುಬಿಡಿ ಎಂದು ಎಷ್ಟು ಸಲ ಹೇಳಿದೆನೋ. ಅವರು ತಲೆಯಾಡಿಸಿ, ದಿನಾ ಬೆಳಗ್ಗೆ ಕೊಟ್ಟಿಗೆ ಕೆಲಸ ಮುಗಿಸಿ ಒಂದು ಗಂಟೆ ಅಭ್ಯಾಸ ಮಾಡುತ್ತಿದ್ದೇನೆ ಎಂದಿದ್ದರು.

ಬೇರೆ ಗುರುತುಗಳೂ ಇದ್ದವು. ಒಬ್ಬ ಹುಡುಗನನ್ನು ಅವನ ಅಪ್ಪನ ಹೆಸರಿನಿಂದ ಕರೆಯುತ್ತಿದ್ದರು. ಅಪ್ಪನಿಗೂ ಅಕ್ಷರ ಕಲಿಸಿದ್ದವರಲ್ಲವೇ, ಮುದ್ದಿಗೆ ಕರೆಯುತ್ತಾರೆ ಎಂದುಕೊಂಡೆ. ಕಾಫಿ ಕುಡಿದ ಲೋಟ ಕೆಳಗಿಡುವ ಮೊದಲೇ ಕಾಫಿ ಕುಡೀತೀರಾ ಎಂದು ಕೇಳಿದ್ದರು. ಚಿಕ್ಕನಾಯಕನಹಳ್ಳಿಯಲ್ಲಿ ತರಬೇತಿ ಮುಗಿದ ಒಂದು ಸಂಜೆ ತುರುವೇಕೆರೆ ಬಸ್ಸು ಹತ್ತಿ ಕೂತಿದ್ದರು, ಜೊತೆಯವರು ಕೂಗಿ ಇಳಿಸಿದರು. ಆ ದಿನ ಎಲ್ಲರೂ ನಕ್ಕೆವು, ಅವರೂ ನಕ್ಕರು.

ಏಳನೇ ವಾರ ಮಕ್ಕಳ ತೂಕ ತೆಗೆಯುವ ದಿನ ಬಂತು. ಈ ಸಲ ಹಿಂದಿನ ಮೂರು ತಿಂಗಳ ತೂಕವನ್ನೂ ರಿಜಿಸ್ಟರಿನಿಂದ ಮೊಬೈಲಿಗೆ ಏರಿಸಬೇಕಿತ್ತು. ಟೀಚರಮ್ಮನಿಗೆ ಸಹಾಯವಾಗಲೆಂದು ಬೆಳಗ್ಗೆಯೇ ಹೋಗಿ, ಕೂಸುಗಳ ತೂಕವನ್ನು ನಾನೇ ತೆಗೆಯತೊಡಗಿದೆ. ಒಂದೂವರೆ ವರ್ಷದ ಒಂದು ಹೆಣ್ಣು ಮಗುವನ್ನು ಜೋಳಿಗೆಯಲ್ಲಿ ಕೂರಿಸಿದಾಗ ಮುಳ್ಳು ಏಳು ಕೆಜಿ ದಾಟಿ ನೂರು ಗ್ರಾಮಿಗೆ ನಿಂತಿತು. ರಿಜಿಸ್ಟರಿನಲ್ಲಿ ಆ ಮಗುವಿನ ತೂಕ ಜನವರಿಗಿಂತ ಫೆಬ್ರವರಿಯಲ್ಲಿ ಇನ್ನೂರು ಗ್ರಾಂ ಹೆಚ್ಚು, ಅದಕ್ಕಿಂತ ಮಾರ್ಚಿನಲ್ಲಿ ಇನ್ನೂರು ಗ್ರಾಂ ಹೆಚ್ಚು, ಎಂಟೂವರೆ ಕೆಜಿ ದಾಟಿ ಹೋಗಿತ್ತು. ತಕ್ಕಡಿ ಕೆಟ್ಟಿದೆ ಎಂದುಕೊಂಡು ಒಂದು ಕೆಜಿಯ ಬೇಳೆ ಪೊಟ್ಟಣ ತೂಗಿ ನೋಡಿದೆ. ಸರಿಯಾಗಿ ಒಂದು ಕೆಜಿ. ಮತ್ತೆ ಮಗುವನ್ನು ಕೂರಿಸಿದೆ. ಅದೇ ಏಳು ಕೆಜಿ ನೂರು ಗ್ರಾಂ. ಬೆಳವಣಿಗೆಯ ನಕ್ಷೆಯಲ್ಲಿ ಅದು ಕೆಂಪು ಪಟ್ಟಿಯ ಒಳಗೆ ಬೀಳುತ್ತಿತ್ತು. ಮಗುವಿನ ತೋಳು ಹಿಡಿದು ನೋಡಿದೆ, ನನ್ನ ಎರಡು ಬೆರಳಿನಷ್ಟಿತ್ತು. ಸಂಕ್ರಾಂತಿ ಆದಾಗಿನಿಂದ ಭೇದಿ ನಿಲ್ಲುತ್ತಲೇ ಇಲ್ಲ, ತಿಂಗಳು ತಿಂಗಳೂ ಇಲ್ಲಿಗೆ ಕರಕೊಂಡು ಬಂದಿದ್ದೆ, ತೂಕ ಸರಿಯಾಗಿದೆ ಅಂದರು ಎಂದು ತಾಯಿ ಹೇಳಿದಳು.

ಅವತ್ತೇ ತಾಯಿಯನ್ನೂ ಮಗುವನ್ನೂ ಆಟೋ ಹತ್ತಿಸಿ ತಾಲ್ಲೂಕು ಆಸ್ಪತ್ರೆಗೆ ಕಳಿಸಿದೆವು. ಅಲ್ಲಿಂದ ತುಮಕೂರಿಗೆ ಕಳಿಸಿದರು. ಎರಡು ವಾರ ಅಲ್ಲಿದ್ದು ಮಗು ಚೇತರಿಸಿಕೊಂಡು ಬಂತು, ಅದೊಂದು ಸಮಾಧಾನ. ಇನ್ನೊಂದು ತಿಂಗಳು ತಡವಾಗಿದ್ದರೆ ಏನಾಗುತ್ತಿತ್ತೋ.

ಆಟೋ ಹೋದ ಮೇಲೆ ಸಹಾಯಕಿಯನ್ನು ಕೇಳಿದೆ. ಅವಳು ಅಡುಗೆ ಒಲೆಯ ಹತ್ತಿರ ಕೂತು ಅತ್ತಳು. ತೂಕ ಬರೆದವಳು ಅವಳೇ. ಟೀಚರಮ್ಮ ಒಮ್ಮೆ ತೂಗಿದ ಮಗುವನ್ನೇ ಮತ್ತೆ ತೂಗುತ್ತಿದ್ದರು, ಇನ್ನೊಂದನ್ನು ಬಿಟ್ಟುಬಿಡುತ್ತಿದ್ದರು. ಎಷ್ಟು ಬಂತು ಎಂದು ಬರೆಯುವಷ್ಟರಲ್ಲಿ ಮರೆಯುತ್ತಿದ್ದರು. ಯಾರಿಗೂ ಗೊತ್ತಾಗಬಾರದೆಂದು ಇವಳು ಹಿಂದಿನ ತಿಂಗಳ ತೂಕಕ್ಕೆ ಅಷ್ಟಿಷ್ಟು ಸೇರಿಸಿ ಬರೆದಿಡುತ್ತಿದ್ದಳು. ಹೀಗೆ ಒಂದು ವರ್ಷದಿಂದ ನಡೆದಿತ್ತು. ಇವಳ ಮೂರು ಮಕ್ಕಳನ್ನು ಎತ್ತಿ ಆಡಿಸಿದವರು ಟೀಚರಮ್ಮ. ಅವರ ಹೆಸರು ಕೆಡುವುದನ್ನು ಹೇಗೆ ನೋಡಲಿ ಅಂದಳು.

ಅಷ್ಟರಲ್ಲಿ ಟೀಚರಮ್ಮ ಉಗ್ರಾಣದ ಬೀಗ ಹಾಕಿಕೊಂಡು ಬಂದರು. ಸಹಾಯಕಿಯ ಮುಖ ನೋಡಿದರು, ನನ್ನ ಮುಖ ನೋಡಿದರು. ಮಕ್ಕಳ ಪುಟ್ಟ ಕುರ್ಚಿಯೊಂದನ್ನು ಎಳೆದುಕೊಂಡು ಕೂತರು. ಎಲ್ಲವನ್ನೂ ಕೇಳಿಸಿಕೊಂಡರು. ಅಲ್ಲಿಯವರೆಗೆ ನನ್ನನ್ನು ಮೇಡಂ ಎನ್ನುತ್ತಿದ್ದವರು ಆ ದಿನ ಅವ್ವ ಎಂದರು.

"ನೀನು ಹೇಳಿಕೊಡೋದ್ರಲ್ಲಿ ಏನೂ ತಪ್ಪಿಲ್ಲ ಕಣವ್ವ. ನಂಗೆ ವರ್ಷದಿಂದ ಗೊತ್ತು. ಒಲೆ ಮೇಲೆ ಹಾಲಿಟ್ಟು ಮರೀತಿದ್ದೆ. ಆಮೇಲೆ ಮಕ್ಕಳ ಹೆಸರು. ಈ ಮೊಬೈಲ್ ಬಂದಾಗ ಒಳ್ಳೇದೇ ಆಯ್ತು ಅನ್ಕೊಂಡೆ. ಹೊಸದು ಬರಲ್ಲ ಅಂದ್ರೆ ಯಾರೂ ಏನೂ ಅನ್ನಲ್ಲ. ಹಳೇದು ಹೋಯ್ತು ಅಂತ ಹೆಂಗೆ ಹೇಳಲಿ?"

ನಾನು ಏನೋ ಹೇಳಲು ಹೋದೆ. ಅವರು ಕೈಯಲ್ಲೇ ತಡೆದರು.

"ನಿನ್ನ ಗೋಡೆ ಮೇಲೆ ಬರ್ದಿದ್ದಲ್ಲ, ಭಯ ಒಂದೇ ಅಡ್ಡ ಅಂತ. ಅದ ಓದಿ ನಂಗೆ ಜೀವ ಬಂದಂಗಾಯ್ತು. ಇದೂ ಭಯವೇ ಇರಬೇಕು, ಬಿಟ್ರೆ ಎಲ್ಲಾ ವಾಪಸ್ ಬತ್ತೈತೆ ಅನ್ಕೊಂಡೆ. ದಿನಾ ಬೆಳಗ್ಗೆ ಕೂತು ಬಿಡೋಕೆ ನೋಡ್ದೆ. ಭಯ ಬಿಟ್ಟೆ ಕಣವ್ವ. ಆದ್ರೂ ಬರ್ಲಿಲ್ಲ."

ರೋಗವೊಂದು ಒಳಗೆ ಕೊರೆಯುತ್ತಿದ್ದಾಗ, ನಿಮ್ಮ ಮನಸ್ಸು ಗಟ್ಟಿ ಇಲ್ಲದ್ದರಿಂದ ನಿಮಗೆ ಬರುತ್ತಿಲ್ಲ ಎಂದು ನಾನು ವಾರಕ್ಕೆರಡು ದಿನ ಬಸ್ಸಿನಲ್ಲಿ ಹೋಗಿ ಹೇಳಿ ಬಂದಿದ್ದೆ. ಪಾಠ ತಲೆಗೆ ಹತ್ತದಿದ್ದುದಕ್ಕೆಲ್ಲ ಅವರು ತಮ್ಮನ್ನೇ ದೂರಿಕೊಂಡು ಮುಂಜಾನೆಯೆಲ್ಲ ಕೂತಿದ್ದರು.

ಕೊನೆಗೆ ಅವರು ಒಂದೇ ಒಂದು ಕೇಳಿದರು. ಆ ವರ್ಷ ಹನ್ನೊಂದು ಮಕ್ಕಳು ಅಂಗನವಾಡಿ ಮುಗಿಸಿ ಜೂನ್‌ನಲ್ಲಿ ಒಂದನೇ ತರಗತಿಗೆ ಸೇರಬೇಕಿತ್ತು. ಅಲ್ಲಿಯವರೆಗೆ ಯಾರಿಗೂ ಹೇಳಬೇಡ ಎಂದರು.

"ಆ ಹನ್ನೊಂದನ್ನ ಇಸ್ಕೂಲ್ ಬಾಗಿಲಿಗೆ ಬಿಟ್ಟು ಬತ್ತೀನಿ. ಆಮೇಲೆ ನಾನೇ ಹೋಗಿ ಹೇಳ್ತೀನಿ. ಅಷ್ಟು ದಿನ ಬುಡು."

ಎರಡು ತಿಂಗಳು. ನಾಳೆ ಮಾತಾಡೋಣ ಟೀಚರಮ್ಮ ಎಂದು ಹೇಳಿ ಹೊರಟೆ.

ರಾತ್ರಿಯೆಲ್ಲ ಲೆಕ್ಕ ಹಾಕಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಬಸ್ಸಿನಲ್ಲೇ ನಿರ್ಧಾರ ಮಾಡಿದ್ದೆ. ಆ ಕೋಣೆಗೆ ದಿನಾ ಮೂವತ್ತು ಮಕ್ಕಳು ಬರುತ್ತಿದ್ದವು. ತೂಕ ಬೇರೆಯವರು ತೆಗೆಯಬಹುದು, ಸರಿ. ಆದರೆ ಒಲೆ ಇದೆ, ಹಿಂದೆ ತೋಟದ ನೀರಿನ ತೊಟ್ಟಿ ಇದೆ, ಮಕ್ಕಳನ್ನು ಎಣಿಸಿ ಮನೆಗೆ ಕಳಿಸುವ ಕೆಲಸ ಇದೆ. ಎರಡು ತಿಂಗಳು ಕೊಡುವ ಹಕ್ಕು ನನಗಿರಲಿಲ್ಲ. ಇದು ಸರಿಯಾದ ತೀರ್ಮಾನ ಎಂದು ಈಗಲೂ ಅನ್ನಿಸುತ್ತದೆ. ನಾನು ತಪ್ಪಿದ್ದು ಅದನ್ನು ನಡೆಸಿದ ರೀತಿಯಲ್ಲಿ. ಮೊದಲು ಟೀಚರಮ್ಮನ ಮನೆಗೆ ಹೋಗಿ, ಎದುರು ಕೂತು, ಆಗುವುದಿಲ್ಲ ಎಂದು ಹೇಳಬೇಕಿತ್ತು. ಅವರ ಮುಖ ನೋಡಲು ಧೈರ್ಯ ಸಾಲಲಿಲ್ಲ. ಬೆಳಗ್ಗೆ ಎದ್ದು ನೇರ ಮೇಲ್ವಿಚಾರಕಿಯ ಕಚೇರಿಗೆ ಹೋದೆ.

ಮೇಲ್ವಿಚಾರಕಿ ಎಲ್ಲವನ್ನೂ ಕೇಳಿ, ಕಣ್ಣೊರೆಸಿಕೊಂಡು, ಪಕ್ಕದ ಊರಿನ ಕಾರ್ಯಕರ್ತೆಗೆ ಆ ಕೇಂದ್ರದ ಹೊಣೆ ವಹಿಸುವ ಪತ್ರ ಬರೆದರು. ನನ್ನ ಜೊತೆಯಲ್ಲೇ ಹೊರಟರು. ನಾವು ಹೋದಾಗ ಟೀಚರಮ್ಮ ಮಕ್ಕಳನ್ನು ದುಂಡಗೆ ಕೂರಿಸಿಕೊಂಡು ಕಥೆ ಹೇಳುತ್ತಿದ್ದರು. ಮೇಲ್ವಿಚಾರಕಿಯನ್ನು ಕಂಡ ಕೂಡಲೇ ಅವರಿಗೆ ಅರ್ಥವಾಯಿತು. ಕಥೆ ನಿಲ್ಲಿಸಲಿಲ್ಲ, ಕೊನೆಯವರೆಗೂ ಹೇಳಿ ಮುಗಿಸಿದರು. ಆಮೇಲೆ ಎದ್ದು ಬಂದು ನನ್ನ ಎದುರು ನಿಂತರು.

"ನಾನು ನಿಂಗೆ ಹೇಳ್ದೆ. ನೀನು ಅವಳಿಗೆ ಹೇಳ್ದೆ," ಎಂದರು. ದನಿ ಏರಿಸಲಿಲ್ಲ. "ನಂಗೊಂದು ಮಾತು ಕೇಳಬೌದಿತ್ತು."

ಬೀಗದ ಕೈಯನ್ನು ಮೇಲ್ವಿಚಾರಕಿಯ ಅಂಗೈಯಲ್ಲಿಟ್ಟು, ಮಕ್ಕಳ ಕಡೆ ತಿರುಗದೆ ತೋಟದ ದಾರಿಯಲ್ಲಿ ಮನೆಗೆ ನಡೆದರು. ಸಹಾಯಕಿ ಹಿಂದೆ ಓಡಿದಳು. ಮಕ್ಕಳು ಇನ್ನೊಂದು ಕಥೆಗೆ ಕಾಯುತ್ತ ಕೂತೇ ಇದ್ದವು.

ಅವರ ಗಂಡನಿಗೆ ನಾನೇ ವಿಷಯ ಹೇಳಿದೆ. ತೋಟ, ಎರಡು ಹಸು ನೋಡಿಕೊಂಡಿದ್ದ ಮನುಷ್ಯ. ಅವರಿಗೂ ಸ್ವಲ್ಪ ಅನುಮಾನವಿತ್ತು. ವಯಸ್ಸಾಯ್ತಲ್ಲ ಮೇಡಮ್ಮೋರೆ, ಎಲ್ಲಾರಿಗೂ ಆಗೋದೇ ಎಂದುಕೊಂಡು ಸುಮ್ಮನಿದ್ದರಂತೆ. ತಿಪಟೂರಿನಲ್ಲಿರುವ ಮಗಳಿಗೆ ಫೋನ್ ಮಾಡಿಸಿದರು. ಮುಂದಿನ ವಾರ ನಾವು ನಾಲ್ವರೂ ತುಮಕೂರಿನ ಒಂದು ದೊಡ್ಡ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಟೀಚರಮ್ಮ ಗಂಡನ ಪಕ್ಕದಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ನನ್ನ ಜೊತೆ ಒಂದು ಮಾತೂ ಆಡಲಿಲ್ಲ.

ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ತಾಳ್ಮೆಯವರು. ಮೂರು ಪದ ಹೇಳುತ್ತೇನೆ, ನೆನಪಿಟ್ಟುಕೊಳ್ಳಿ, ಆಮೇಲೆ ಕೇಳುತ್ತೇನೆ ಎಂದರು. ಬಾಳೆಹಣ್ಣು, ಬಾಗಿಲು, ನವಿಲು. ಟೀಚರಮ್ಮ ಸ್ಪಷ್ಟವಾಗಿ ಮೂರನ್ನೂ ತಿರುಗಿ ಹೇಳಿದರು. ಆಮೇಲೆ ಡಾಕ್ಟರು ಇವತ್ತು ಯಾವ ವಾರ, ಯಾವ ತಿಂಗಳು ಎಂದು ಕೇಳಿದರು, ಗಡಿಯಾರದ ಚಿತ್ರ ಬರೆಸಿದರು. ಗಡಿಯಾರ ಗುಂಡಗೆ ಚೆನ್ನಾಗಿಯೇ ಬಂತು. ಅಂಕಿಗಳೆಲ್ಲ ಒಂದೇ ಪಕ್ಕದಲ್ಲಿ ಗುಂಪಾದವು. ಈಗ ಆ ಮೂರು ಪದ ಹೇಳಿ ಅಮ್ಮ ಎಂದರು ಡಾಕ್ಟರು.

ಆಗ ಟೀಚರಮ್ಮ ನನ್ನ ಕಡೆ ನೋಡಿದರು. ಆ ವಾರದಲ್ಲಿ ಮೊದಲ ಸಲ. ಕೋಪದ ನೋಟ ಅಲ್ಲ. ಎರಡನೇ ಹೆಜ್ಜೆಯಲ್ಲಿ ನಿಂತಾಗಲೆಲ್ಲ, ಮುಂದೇನು ಎಂದು ನನ್ನ ಕಡೆ ನೋಡುತ್ತಿದ್ದರಲ್ಲ, ಆ ನೋಟ. ನನಗೆ ಮೂರು ಪದವೂ ನಾಲಿಗೆಯ ಮೇಲಿತ್ತು. ಹೇಳುವ ಹಾಗಿರಲಿಲ್ಲ. ನಾನು ತಲೆ ತಗ್ಗಿಸಿದೆ. ಅವರು ಡಾಕ್ಟರ ಕಡೆ ತಿರುಗಿ, ಗೊತ್ತಿಲ್ಲ ಕಣಪ್ಪ ಎಂದರು.

ಸ್ಕ್ಯಾನ್, ರಕ್ತ ಪರೀಕ್ಷೆ ಎಲ್ಲವೂ ಆದ ಮೇಲೆ ಗೊತ್ತಾದದ್ದು ನಾವು ಊಹಿಸಿದ್ದೇ. ಮೆದುಳಿನಲ್ಲಿ ನೆನಪನ್ನು ಕಟ್ಟುವ ಭಾಗವೇ ಸವೆಯುವ ಕಾಯಿಲೆ. ಗುಳಿಗೆಯಿಂದ ಸ್ವಲ್ಪ ನಿಧಾನ ಮಾಡಬಹುದು, ನಿಲ್ಲಿಸಲಾಗದು ಎಂದರು. ಮಗಳು ಅತ್ತಳು. ಗಂಡ ಆಸ್ಪತ್ರೆಯ ಮೆಟ್ಟಿಲ ಮೇಲೆ ಹೆಂಡತಿಯ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದರು, ಯಾಕೆಂದು ಅವರಿಗೂ ಗೊತ್ತಿರಲಿಲ್ಲವೇನೋ.

ಹತ್ತನೇ ವಾರ ತರಬೇತಿ ಮುಗಿಯಿತು. ಇಪ್ಪತ್ತೈದು ಮಂದಿಗೂ ಪ್ರಮಾಣಪತ್ರ ಕೊಟ್ಟೆವು. ಎಲ್ಲ ಬಹಳ ಚೆನ್ನಾಗಿ ನಡೆಯಿತು ಎಂದು ವರದಿಯಲ್ಲಿ ಬರೆದೆ. ಅದು ಸುಳ್ಳಲ್ಲ. ಜೂನ್‌ನಲ್ಲಿ ಆ ಹನ್ನೊಂದು ಮಕ್ಕಳು ಶಾಲೆಗೆ ಸೇರುವ ದಿನ, ಮೇಲ್ವಿಚಾರಕಿ ಟೀಚರಮ್ಮನನ್ನು ಕರೆತರಲೆಂದೇ ಅವರ ಮನೆಗೆ ಹೋಗಿದ್ದರಂತೆ. ಅವರು ತಲೆನೋವು ಎಂದು ಹೇಳಿ ಒಳಗೇ ಮಲಗಿದ್ದರಂತೆ. ಮಕ್ಕಳು ಕೊಟ್ಟು ಕಳಿಸಿದ್ದ ಹೂವನ್ನು ಮೇಲ್ವಿಚಾರಕಿ ಹೊಸಿಲ ಮೇಲೆ ಇಟ್ಟು ಬಂದರಂತೆ.

ನನ್ನ ಕೆಲಸದ ರೀತಿ ಆಮೇಲೆ ಬದಲಾಯಿತು. ಆ ಗೋಡೆಯ ಹಾಳೆಯನ್ನು ಹರಿದು ಹಾಕಿದೆ, ಆ ಮಾತನ್ನು ಎಲ್ಲೂ ಹೇಳುವುದಿಲ್ಲ. ದೊಡ್ಡವರಿಗೆ ಕಲಿಸುವಾಗ ಭಯ, ಮಾನ, ಅನುಭವ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದು ಮನಃಶಾಸ್ತ್ರ ಹೇಳುವುದು ನಿಜ. ಇಪ್ಪತ್ತೈದು ಮಂದಿಯ ವಿಷಯದಲ್ಲಿ ಅದು ನಿಜವೇ ಆಯಿತು. ಆದರೆ ಒಂದು ತತ್ವ ನಮಗೆ ಪ್ರಿಯವಾಗಿಬಿಟ್ಟರೆ, ಎದುರಿಗೆ ಕೂತ ಮನುಷ್ಯ ಕಾಣುವುದಿಲ್ಲ. ಈಗ ನನ್ನ ಡೈರಿಯಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ಮರುಕಲಿಕೆಗೆ ಹಿಡಿದ ಹೊತ್ತು ಎಂಬ ಕಾಲಂ ಇದೆ, ಅದನ್ನು ವಾರಕ್ಕೊಮ್ಮೆ ಕೂತು ಓದುತ್ತೇನೆ. ಬರದಿದ್ದರೆ ಕಾರಣ ಏನಾದರೂ ಇರಬಹುದು, ಒಟ್ಟಿಗೆ ಹುಡುಕೋಣ ಎಂದಷ್ಟೇ ಹೇಳುತ್ತೇನೆ. ತುರುವೇಕೆರೆಯ ಒಂದು ತಂಡದಲ್ಲಿ ಹಿಂದೆ ಬಿದ್ದಿದ್ದ ಒಬ್ಬರಿಗೆ ಕನ್ನಡಕ ಕೊಡಿಸಿದ ಮೇಲೆ ಎಲ್ಲರಿಗಿಂತ ಮುಂದೆ ಹೋದರು. ಇನ್ನೊಬ್ಬರಿಗೆ ಒಂದು ಕಿವಿ ಕೇಳಿಸುತ್ತಿರಲಿಲ್ಲ. ಇಷ್ಟು ಸುಲಭದ ಸಂಗತಿಗಳು.

ಟೀಚರಮ್ಮನ ಊರಿಗೆ ಹೋಗಲು ಎರಡೂವರೆ ವರ್ಷ ನನಗೆ ಕಾಲು ಬರಲಿಲ್ಲ. ಕಳೆದ ಕಾರ್ತಿಕದಲ್ಲಿ ಒಂದು ಬೆಳಗ್ಗೆ ಹೋದೆ. ಮನೆಯ ಮುಂದಿನ ಚಪ್ಪರದಡಿ ಅವರ ಗಂಡ ಕಾಯಿ ಸುಲಿಯುತ್ತಿದ್ದರು. ಟೀಚರಮ್ಮ ಪಕ್ಕದಲ್ಲಿ ಚಾಪೆಯ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ಸಣ್ಣಗಾಗಿದ್ದರು, ಯಾರೋ ತಲೆ ಬಾಚಿ ಹೂ ಮುಡಿಸಿದ್ದರು. ನನ್ನನ್ನು ಕಂಡು ಮುಖ ಅರಳಿಸಿದರು. ಗುರುತು ಹಿಡಿದರು ಎಂದುಕೊಂಡೆ. ಆದರೆ ಅದು ಯಾರು ಬಂದರೂ ಅರಳುವ ಮುಖ ಎಂದು ಗಂಡ ಸನ್ನೆಯಲ್ಲೇ ತಿಳಿಸಿದರು. ಯಾವೂರವ್ವ, ಊಟ ಆಯ್ತಾ ಎಂದು ಟೀಚರಮ್ಮ ಕೇಳಿದರು. ಹೇಳಿದೆ. ಮತ್ತೆ ಕೇಳಿದರು, ಮತ್ತೆ ಹೇಳಿದೆ.

ಗಂಡ ನೀರು ತರಲು ಒಳಗೆ ಹೋದಾಗ, ಹೇಳಬೇಕೆಂದು ಬಂದದ್ದನ್ನು ಹೇಳಿಬಿಟ್ಟೆ. ಒಬ್ಬರು ನನ್ನನ್ನು ನಂಬಿ ಒಂದು ಮಾತು ಹೇಳಿದ್ದರು, ಅವರನ್ನು ಕೇಳದೆ ನಾನು ಅದನ್ನು ಇನ್ನೊಬ್ಬರ ಹತ್ತಿರ ಹೇಳಿಬಿಟ್ಟೆ, ಅವರಿಗೆ ಬಹಳ ನೋವಾಯಿತು, ಆಮೇಲೆ ಅವರು ನನ್ನ ಜೊತೆ ಮಾತೇ ಆಡಲಿಲ್ಲ ಎಂದೆ. ಹೇಳುತ್ತಲೇ ಕಣ್ಣೊರೆಸಿಕೊಂಡೆ.

ಅವರು ಗಮನವಿಟ್ಟು ಕೇಳಿಸಿಕೊಂಡರು. ಅಳುವ ಮಗುವನ್ನು ಹತ್ತಿರಕ್ಕೆ ಎಳೆದುಕೊಳ್ಳುವ ಹಾಗೆ ನನ್ನ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡು ಸವರಿದರು.

"ಅಳಬ್ಯಾಡ ಬುಡು. ಅವರತ್ರನೇ ಹೋಗಿ ಹೇಳು. ಒಳ್ಳೇರಾಗಿದ್ರೆ ಮನಸಲ್ಲಿ ಇಟ್ಕೊಳ್ಳಲ್ಲ. ಹೋಗ್ತೀಯಾ?"

ಹೋಗ್ತೀನಿ ಎಂದೆ.